ಎರಡನೆಯ ಮೀಟರ್

ಬ್ಯಾಟರಿಯ ವಯರು ತಾಗಿಸಿ, ರಬ್ಬರ್ ಕೊಳವೆಯ ತುದಿಗೆ ಸಿಕ್ಕಿಸಿದ್ದ ಸಿರಿಂಜನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದದ್ದೇ ತಡ, ಸತ್ತುಹೋಗಿದೆ ಎಂದು ಅಣ್ಣ ಬಟ್ಟೆಯಲ್ಲಿ ಸುತ್ತಿ ಕೊಟ್ಟುಹೋಗಿದ್ದ ಮೀಟರ್ ಕಿವಿ ಹರಿಯುವಂತೆ ಕೂಗಿತು. ಮುಳ್ಳಕ್ಕ ಸಿರಿಂಜ್ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಕೆಳಗಿನ ಕನ್ನಡಕದ ಅಂಗಡಿಯವನು ಕೋಲಿನಿಂದ ಚಾವಣಿಯನ್ನು ಎರಡು ಸಲ ಕುಟ್ಟಿದ.

ಸದ್ದು ಕಡಿಮೆ ಮಾಡಲು ಗುಂಡಿಗೆ ಕೈಹಾಕಿದಾಗ ಅದು ಇನ್ನು ಮುಂದಕ್ಕೆ ತಿರುಗಲಾರದಷ್ಟು ಕೊನೆಗೆ ಬಂದು ನಿಂತಿರುವುದು ತಿಳಿಯಿತು. ಇಷ್ಟು ಜೋರಾಗಿಟ್ಟುಕೊಂಡು ಯಾರೂ ಹಾರುವುದಿಲ್ಲ. ಇಂಜಿನ್ನೇ ಇಲ್ಲದ ಗ್ಲೈಡರಿನ ಒಳಗೆ ಗಾಳಿ ಸುಯ್ಯೆನ್ನುವುದು ಬಿಟ್ಟರೆ ಬೇರೆ ಗದ್ದಲವಿರುವುದಿಲ್ಲ. ಕಾಲು ಸುತ್ತು ತಿರುಗಿಸಿದರೆ ಧಾರಾಳವಾಯಿತು. ಅವಳು ಗುಂಡಿಯನ್ನು ಇಳಿಸಿ, ಸಿರಿಂಜನ್ನು ಮತ್ತೆ ಎಳೆಯುತ್ತ ಮೀಟರಿನ ಮುಖ ನೋಡಿದಳು. ಸದ್ದು ಏರುತ್ತಿದ್ದರೂ ಮುಳ್ಳು ಸೊನ್ನೆಯಿಂದ ಒಂಚೂರು ಕೆಳಗೆ ನಿಂತದ್ದು ನಿಂತೇ ಇತ್ತು. ಹಿಂಬದಿಯ ಸ್ಕ್ರೂ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿದರೆ ಮುಳ್ಳಿನ ಕೀಲಿನಲ್ಲಿ ರೆಪ್ಪೆಗೂದಲಿನಂಥ ಒಂದು ನೂಲು. ಚಿಮಟದಿಂದ ಹಿಡಿದು ತೆಗೆದಳು. ಮುಳ್ಳು ಸರಾಗವಾಗಿ ಓಡಾಡಿತು.

ಹಾಗಾದರೆ ಇದು ಸತ್ತಿರಲಿಲ್ಲ. ಮುಳ್ಳು ಹಿಡಿದುಕೊಂಡಿತ್ತು, ಅಷ್ಟೇ. ಬಾಯಿ ಚೆನ್ನಾಗಿಯೇ ಇತ್ತು.

ಬಿಸಿಲಿಗೆ ಕಾದ ಗಾಳಿ ನೆಲದಿಂದ ಮೇಲೇಳುವ ಜಾಗ ಹುಡುಕಿ ಅದರೊಳಗೇ ಸುತ್ತುಹಾಕುತ್ತ ಗ್ಲೈಡರ್ ಮೇಲೇರಬೇಕು. ಗಾಳಿ ತನ್ನನ್ನು ಎತ್ತುತ್ತಿದೆಯೋ ಇಳಿಸುತ್ತಿದೆಯೋ ಎಂಬುದನ್ನು ಕೂತವನ ಮೈ ನಂಬುವ ಹಾಗೆ ಹೇಳಲಾರದು. ಹೇಳುವುದು ಈ ಮೀಟರ್. ವೇರಿಯೋ ಎನ್ನುತ್ತಾರೆ. ಏರುವಾಗ ಮುಳ್ಳು ಮೇಲಕ್ಕೆ, ಜೊತೆಗೆ ಪೀ ಪೀ ಎಂಬ ಸಣ್ಣ ದನಿ. ಇಳಿಯುವಾಗ ಮುಳ್ಳು ಕೆಳಕ್ಕೆ, ಜೊತೆಗೆ ಎಡೆಬಿಡದ ದಪ್ಪ ದನಿ. ಇಂಥ ಮೀಟರುಗಳನ್ನು ಬಿಚ್ಚಿ, ತೊಳೆದು, ಸರಿ ಮಾಡಿ, ಸರಿಯಿದೆ ಎಂದು ಸಹಿ ಹಾಕುವುದು ಅವಳ ಕಸುಬು. ಗ್ಲೈಡರ್ ಕ್ಲಬ್ಬಿನಲ್ಲಿ ಯಾರ ಮೀಟರ್ ಹಲಗೆಯಲ್ಲಿ, ಅಂದರೆ ಪ್ಯಾನೆಲ್ಲಿನಲ್ಲಿ, ಯಾವ ಮುಳ್ಳು ಅಲ್ಲಾಡದಿದ್ದರೂ ಅವಳ ಹತ್ತಿರ ಬರುತ್ತಿದ್ದರು. ಹಾಗಾಗಿ ಮುಳ್ಳಕ್ಕ. ಹೆಸರಿಗೆ ತಕ್ಕ ಹಾಗೆ ಮಾತೂ ಕೆಲವೊಮ್ಮೆ ಚುಚ್ಚುತ್ತಿತ್ತು ಎಂದು ಹೇಳುವವರೂ ಇದ್ದರು, ಅವಳೆದುರಿಗಲ್ಲ.

ಎರಡು ಭಾನುವಾರಗಳ ಹಿಂದೆ ಅಣ್ಣ ಕ್ಲಬ್ಬಿನ ಮೈದಾನದಿಂದ ಹದಿನೆಂಟು ಕಿಲೋಮೀಟರ್ ಆಚೆ, ಕೊಯ್ಲಾದ ಹೊಲವೊಂದರಲ್ಲಿ ಇಳಿದುಬಿಟ್ಟಿದ್ದ. ಅವನಿಗೂ ಗ್ಲೈಡರಿಗೂ ಏನೂ ಆಗಿರಲಿಲ್ಲ. ವೇರಿಯೋ ಕೈಕೊಟ್ಟಿತು, ಏರುಗಾಳಿ ಸಿಗಲಿಲ್ಲ, ಇಳಿದೆ ಎಂದಿದ್ದ. ಆದರೆ ಅವತ್ತು ಹಾರಿದ ಉಳಿದವರೆಲ್ಲ ಸಂಜೆಯ ತನಕ ಮೇಲೇ ಇದ್ದರು. ಅಂಥ ದಿನ ವರ್ಷಕ್ಕೆ ನಾಲ್ಕು ಸಿಕ್ಕರೆ ಹೆಚ್ಚು ಎಂದು ಇನ್ನೂ ಹೇಳಿಕೊಳ್ಳುತ್ತಿದ್ದರು.

ಮುಳ್ಳಕ್ಕ ಆ ನೂಲನ್ನು ಬಿಳಿ ಕಾಗದದ ಮೇಲಿಟ್ಟು ಸುಮಾರು ಹೊತ್ತು ನೋಡುತ್ತ ಕೂತಳು.

ಗುರುವಾರ ಅಣ್ಣನ ಮಗಳು ಬಂದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ಡ್ಯೂಟಿ ಮುಗಿಸಿ ನೇರ ಬಂದಿದ್ದರಿಂದ ಕತ್ತಿನಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಗ್ಲೈಡರ್ ಅಪ್ಪ ಮಗಳದು. ಒಂದು ವಾರ ಅವನು, ಒಂದು ವಾರ ಇವಳು. ಯಾರೋ ಮುರಿದು ಮೂಲೆಗೆ ಹಾಕಿದ್ದ ಒಂಟಿ ಸೀಟಿನ ಹಳೆಯ ಗ್ಲೈಡರನ್ನು ತಂದು, ಮೂರು ಚಳಿಗಾಲ ಬಟ್ಟೆ ಮಿಲ್ಲಿನ ಕೆಲಸ ಮುಗಿಸಿ ಬಂದ ಮೇಲೆ ಕೂತು, ಅಣ್ಣ ಅದನ್ನು ಎಬ್ಬಿಸಿದ್ದ. ರೆಕ್ಕೆಯ ಮೇಲೆ ಅವನ ಕೈ ಓಡಾಡದ ಒಂದು ಅಂಗೈಯಷ್ಟು ಜಾಗವಿರಲಿಲ್ಲ.

ಮೇಜಿನ ಮೇಲೆ, ರಿಪೇರಿಗೆ ಬಂದದ್ದಲ್ಲದೆ, ಬೇರೆ ಎರಡು ಮೀಟರ್ ಪಕ್ಕಪಕ್ಕ ಇದ್ದವು. ಪ್ಯಾನೆಲ್ಲಿನಲ್ಲಿ ಉಳಿದದ್ದು ಒಂದೇ ತೂತು, ಇಷ್ಟು ದಿನ ತಗಡು ಬಡಿದು ಮುಚ್ಚಿದ್ದು. ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ಅಲ್ಲಿಗೊಂದು ಎರಡನೆಯ ವೇರಿಯೋ ಕೂರಿಸಬೇಕೆಂದು ಅಪ್ಪ ಮಗಳು ಇಬ್ಬರೂ ಒಪ್ಪಿದ್ದರು. ಯಾವುದು ಎನ್ನುವಲ್ಲಿ ಮಾತ್ರ ಒಪ್ಪಿರಲಿಲ್ಲ. ಒಂದು ಹಳೆಯ ಕಾಲದ್ದು. ಬ್ಯಾಟರಿ ಬೇಡ, ವಯರು ಬೇಡ. ಒಂದು ಕೊಳವೆ, ಆ ಕೊಳವೆಗೆ ಟೀ ತುಂಬುವಂಥದೇ ಒಂದು ಫ್ಲಾಸ್ಕ್. ಮೇಲೇರಿದಂತೆ ಫ್ಲಾಸ್ಕಿನ ಗಾಳಿ ಹಿಗ್ಗಿ ಹೊರಬರುವಾಗ ಒಳಗಿನ ತೆಳು ತಗಡನ್ನು ತಳ್ಳುತ್ತದೆ, ಮುಳ್ಳು ತಿರುಗುತ್ತದೆ. ಎರಡು ಕ್ಷಣ ತಡವಾಗಿ ಹೇಳುತ್ತದೆ, ಆದರೆ ಹೇಳದೆ ಇರುವುದಿಲ್ಲ. ಇನ್ನೊಂದು ಹೊಸದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ತನ್ನದೇ ಬ್ಯಾಟರಿ. ಮುಳ್ಳಿಲ್ಲ, ಬಿಸಿಲಲ್ಲಿ ಸರಿಯಾಗಿ ಕಾಣದ ಸಣ್ಣ ಅಂಕಿ ಮಾತ್ರ; ಆದರೆ ಚುರುಕು, ಮತ್ತು ಹಾಡುತ್ತದೆ. ಮಗಳಿಗೆ ಹೊಸದೇ ಆಗಬೇಕಿತ್ತು. ಅಪ್ಪನಿಗೆ ಹಳೆಯದೇ.

"ಅಪ್ಪ ಮೀಟರ್ ನೋಡ್ಕೊಂಡೇ ಹಾರ್ತಾರೆ ಅತ್ತೆ," ಎಂದಳು ಮಗಳು, ಸ್ಟೂಲಿನ ತುದಿಯಲ್ಲಿ ಕೂತು. "ಕಣ್ಣು ಹೊರಗಿರಬೇಕು ಅಂತ ನನಗೆ ಹೇಳಿಕೊಟ್ಟವರೇ ಅವರು. ಈಗ ಅವರೇ ತಲೆ ಬಗ್ಗಿಸಿಕೊಂಡಿರ್ತಾರೆ."

ಹೊಲದಲ್ಲಿ ಇಳಿದ ದಿನದ ಸುದ್ದಿಯನ್ನು ಅವಳು ಇನ್ನೊಂದು ಕಡೆಯಿಂದ ಕೇಳಿದ್ದಳು. ಕ್ಲಬ್ಬಿನಲ್ಲಿ ಒಬ್ಬ ಮೇಷ್ಟ್ರಿದ್ದರು, ಶಾಲೆಯಲ್ಲಿ ಗಣಿತ ಕಲಿಸುವವರು. ಅವರೂ ಅವತ್ತು ಅದೇ ಮೋಡದಡಿ ಸುತ್ತು ಹಾಕುತ್ತಿದ್ದರಂತೆ. ಅಪ್ಪ ಅವರಿಗೆ ಅಡ್ಡವಾಗಿ ನುಗ್ಗಿ ಬಂದನಂತೆ, ಮೇಷ್ಟ್ರು ರೆಕ್ಕೆ ವಾಲಿಸಿ ತಪ್ಪಿಸಿಕೊಂಡರಂತೆ. ರೇಡಿಯೋದಲ್ಲಿ ಎರಡು ಸಲ ಕರೆದರೂ ಉತ್ತರವಿಲ್ಲ. ಮೇಷ್ಟ್ರು ಯಾರ ಮೇಲೂ ದೂರು ಹೇಳುವ ಜಾತಿಯವರಲ್ಲ. ಅವರ ಹೆಂಡತಿ ಆಸ್ಪತ್ರೆಗೆ ಮಂಡಿ ತೋರಿಸಲು ಬಂದಾಗ ಇವಳ ಹತ್ತಿರ ಬಾಯಿಬಿಟ್ಟದ್ದು. ಅಪ್ಪನನ್ನು ಕೇಳಿದರೆ ರೇಡಿಯೋ ಕರಕರ ಅಂತಿತ್ತು ಎಂದು ಮಾತು ಮುಗಿಸಿದ್ದ.

ಮುಳ್ಳಕ್ಕ ರೇಡಿಯೋ ತಂದುಕೊಡು, ನೋಡುತ್ತೇನೆ ಎಂದಷ್ಟೇ ಹೇಳಿದಳು. ರೇಡಿಯೋಕ್ಕೆ ಏನೂ ಆಗಿರಲಿಕ್ಕಿಲ್ಲ ಎಂದು ಆಗಲೇ ಅನಿಸಿತ್ತು. ಆ ಅನಿಸಿಕೆಯನ್ನು ಮೀಟರ್ ಸುತ್ತಿ ತಂದಿದ್ದ ಬಟ್ಟೆಯಂತೆ ಮಡಿಸಿ ಪಕ್ಕಕ್ಕಿಟ್ಟಳು. ಮಗಳು ಹೋದ ಮೇಲೆ ಅದು ತಾನಾಗಿಯೇ ಬಿಚ್ಚಿಕೊಂಡಿತು.

ಶನಿವಾರ ಬೆಳಿಗ್ಗೆ ಅಣ್ಣ ಬಂದ. ಅರವತ್ತಮೂರಾದರೂ ಮೆಟ್ಟಿಲು ಎರಡೆರಡು ಹತ್ತುವ ಚಾಳಿ ಬಿಟ್ಟಿರಲಿಲ್ಲ. ಬಂದವನು ಎಂದಿನಂತೆ ಕಿಟಕಿಗೆ ಬೆನ್ನು ಹಾಕಿ ಕೂತ; ಬೆಳಕು ಅವಳ ಮುಖದ ಮೇಲೆ ಬೀಳುವ ಹಾಗೆ. ಈ ಕೋಣೆಯಲ್ಲಿ ಅವನು ಯಾವಾಗಲೂ ಅಲ್ಲೇ ಕೂರುತ್ತಿದ್ದ. ಗಾಳಿ ಬರುತ್ತದೆ ಅಂತ ಇರಬೇಕು ಎಂದು ಅವಳು ಇಷ್ಟು ವರ್ಷ ತಿಳಿದುಕೊಂಡಿದ್ದಳು.

"ಏನು ಪುಟ್ಟಿ, ಸತ್ತವನು ಎದ್ದನಾ?" ಎಂದ. ಐವತ್ತಾರರ ತಂಗಿ ಅವನಿಗೆ ಇನ್ನೂ ಪುಟ್ಟಿಯೇ.

ಎದ್ದ, ಮುಳ್ಳು ಹಿಡ್ಕೊಂಡಿತ್ತು ಎಂದಳು. ಗುಂಡಿಯ ಮಾತು ಎತ್ತಲಿಲ್ಲ. ಹೊಸ ಮೀಟರನ್ನು ಮೇಜಿನ ಮೇಲಿಟ್ಟು, ಕೊಳವೆ ಸಿಕ್ಕಿಸಿ, ಎರಡನ್ನೂ ಒಂದು ಸಲ ಓಡಿಸಿ ತೋರಿಸುತ್ತೇನೆ, ಆಮೇಲೆ ನೀನೇ ಹೇಳು ಎಂದಳು. ಮೀಟರಿನ ಮುಖದ ಮೇಲೆ ಒರೆಸುವ ಬಟ್ಟೆ ಹಾಸಿದಳು. ಧೂಳು ಬೀಳುತ್ತೆ ಅಂತ ಏನೋ ಗೊಣಗಿದಳು. ತಾನು ಮಾಡುತ್ತಿರುವುದು ಕಳ್ಳ ಕೆಲಸ ಎನಿಸಿ ಅವಳ ಕಿವಿ ಬಿಸಿಯಾಯಿತು. ಸಿರಿಂಜನ್ನು ಮೇಜಿನ ಅಂಚಿನ ಕೆಳಗೆ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದಳು.

ಮೀಟರ್ ಹಾಡತೊಡಗಿತು. ಪೀ, ಪೀ, ಪೀ, ಆಮೇಲೆ ಬೇಗ ಬೇಗ. ಅದಕ್ಕಿಂತ ಒಳ್ಳೆಯ ಏರುಗಾಳಿ ಯಾವ ಬೇಸಿಗೆಯಲ್ಲೂ ಸಿಗುವುದಿಲ್ಲ. ಅಣ್ಣ ಕೈಕಟ್ಟಿ ಕೂತು ಅವಳ ಮುಖ ನೋಡುತ್ತಿದ್ದ.

"ಶುರು ಮಾಡು, ನೋಡೋಣ," ಎಂದ.

ಅವಳು ಸಿರಿಂಜನ್ನು ತುದಿತನಕ ಎಳೆದಳು. ಕೆಳಗಿನಿಂದ ಕೋಲಿನ ಕುಟ್ಟು ಕೇಳಿತು. ಅಣ್ಣ ಕಾಯುತ್ತಲೇ ಇದ್ದ. ಆಗ ಅವಳು ಸಿರಿಂಜನ್ನು ಒಳಕ್ಕೆ ಒತ್ತಿದಳು. ಸಣ್ಣ ದನಿ ನಿಂತು ದಪ್ಪ ದನಿ ಎಳೆಯಿತು.

"ಹಾಂ," ಎಂದ ಅಣ್ಣ, "ಈಗ ಬಂತು."

ಮುಳ್ಳಕ್ಕ ಬಟ್ಟೆ ತೆಗೆದಳು, ಕೊಳವೆ ಕಿತ್ತಳು. ಅವನ ಕಣ್ಣು ಬಟ್ಟೆಯ ಮೇಲೆ ಹೋಯಿತು, ಸಿರಿಂಜಿನ ಮೇಲೆ ಹೋಯಿತು, ಕೊನೆಗೆ ಅವಳ ಮೇಲೆ ಬಂದು ನಿಂತಿತು. ಮಗ್ಗ ರಿಪೇರಿ ಮಾಡಿ ಬದುಕಿದವನು. ಯಾವ ಯಂತ್ರದ ಮುಂದೆ ತನ್ನನ್ನು ಕೂರಿಸಿದ್ದಾರೆ ಎಂಬುದು ಅವನಿಗೆ ತಿಳಿಯದೆ ಹೋಗಲಿಲ್ಲ.

"ಯಾವಾಗಿಂದ ಅಣ್ಣ?" ಎಂದಳು.

ಬೇರೆ ಯಾರದೋ ವಿಷಯ ಹೇಳುವವನಂತೆ ಅವನು ಹೇಳಿದ. ಮಿಲ್ಲಿನಲ್ಲಿ ಇದ್ದಾಗಲೇ ಶುರುವಾಗಿತ್ತಂತೆ. ಮುನ್ನೂರು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಹಾಗಾಗಿ ಒಳಗೆ ಗದ್ದಲದಿಂದ ಕೇಳದಿರುವುದು ಯಾವುದು, ಕಿವಿಯೇ ಹೋಗಿ ಕೇಳದಿರುವುದು ಯಾವುದು ಎಂದು ಗೊತ್ತಾಗಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತಾಗ ಗೊತ್ತಾಯಿತು. ಮೊದಲು ಬಾಗಿಲ ಗಂಟೆ ಹೋಯಿತು. ಆಮೇಲೆ ಕುಕ್ಕರಿನ ಸೀಟಿ. ಎರಡು ವರ್ಷದಿಂದ ವೇರಿಯೋ.

"ಇಳಿಯೋದು ಕೇಳುತ್ತೆ ಪುಟ್ಟಿ. ಏರೋದು ಕೇಳಲ್ಲ. ದಪ್ಪ ದನಿ ಇನ್ನೂ ಇದೆ, ಸಣ್ಣದು ಹೋಯ್ತು. ಮುಳ್ಳಿರೋ ತನಕ ತೊಂದ್ರೆ ಇರ್ಲಿಲ್ಲ."

ಅತ್ತಿಗೆಗೆ ಗೊತ್ತಾ ಎಂದು ಕೇಳಿದಳು. ಗೊತ್ತಂತೆ. ಅತ್ತಿಗೆಯೂ ಅದೇ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದವಳು. ಇಬ್ಬರ ಮದುವೆಯ ಮಾತು ನಡೆದದ್ದೂ ಅಲ್ಲೇ, ದನಿಯಿಲ್ಲದೆ. ಮನೆಯಲ್ಲೂ ಅವರಿಬ್ಬರು ಹಾಗೆಯೇ ತುಟಿ ಅಲ್ಲಾಡಿಸಿ ಮಾತಾಡಿಕೊಳ್ಳುವುದನ್ನು ಮುಳ್ಳಕ್ಕ ನೂರು ಸಲ ನೋಡಿದ್ದಳು. ಹಳೆಯ ಮಿಲ್ಲಿನವರ ರೂಢಿ ಎಂದು ಎಲ್ಲರೂ ನಗುತ್ತಿದ್ದರು. ಮಗಳು ಚಿಕ್ಕಂದಿನಲ್ಲಿ ಅಣಕಿಸುತ್ತಿದ್ದಳು.

ಕಿವಿಗೆ ಹಾಕುವ ಯಂತ್ರವನ್ನೂ ನೋಡಿ ಆಗಿತ್ತಂತೆ. ಉಳಿದದ್ದನ್ನು ದೊಡ್ಡದು ಮಾಡಬಹುದು, ಹೋದದ್ದನ್ನು ತಂದುಕೊಡಲು ಆಗುವುದಿಲ್ಲ ಎಂದಿದ್ದರಂತೆ ಡಾಕ್ಟರು.

"ಹಳೇದೇ ಹಾಕು," ಎಂದ ಅಣ್ಣ. "ಒಂದು ಮುಳ್ಳು ನಿಂತ್ರೆ ಇನ್ನೊಂದಿರುತ್ತೆ. ಯಾರಿಗೂ ಹೇಳೋದು ಬೇಡ."

ಅವಳು ಎದ್ದು ಟೀ ಮಾಡಲು ಹೋದಳು. ನೀರು ಕಾಯುವಾಗ ಬೆನ್ನು ತಿರುಗಿಸಿ ನಿಂತಿದ್ದರಿಂದ ಅವನಿಗೆ ಅವಳ ಮಾತೂ ಕಾಣುವಂತಿರಲಿಲ್ಲ, ಮುಖವೂ ಕಾಣುವಂತಿರಲಿಲ್ಲ. ಅಣ್ಣ ಶಾಲೆ ಬಿಟ್ಟು ಮಿಲ್ಲಿಗೆ ಸೇರಿದಾಗ ಹದಿನಾರು ವರ್ಷ. ಅವಳಿಗೆ ಒಂಬತ್ತು. ಅವರಿಬ್ಬರ ಅಪ್ಪ ಹಾಸಿಗೆ ಹಿಡಿದಿದ್ದರು. ಇಬ್ಬರಲ್ಲಿ ಒಬ್ಬರು ಓದುವುದು ಎಂದಾದಾಗ ಇವಳ ಕೈ ಸೂಕ್ಷ್ಮ, ಇವಳೇ ಓದಲಿ ಎಂದು ಅವನೇ ಹೇಳಿದ್ದ. ಮೀಟರಿನ ಕೋರ್ಸಿಗೆ ಅವಳನ್ನು ಬಸ್ಸು ಹತ್ತಿಸಿ, ಅದೇ ಕಾಲಲ್ಲಿ ರಾತ್ರಿ ಪಾಳಿಗೆ ಹೋಗಿದ್ದ. ಅವನ ಕಿವಿ ಎಲ್ಲಿ ಹೋಯಿತು ಎಂದು ಹುಡುಕಲು ಅವಳು ಬೇರೆ ಕಡೆ ಹೋಗಬೇಕಿರಲಿಲ್ಲ. ಹಾಗೆಂದು ಅವನು ಒಂದು ದಿನವೂ ಅಂದವನಲ್ಲ, ಈಗಲೂ ಅನ್ನುತ್ತಿರಲಿಲ್ಲ. ಹಳೆಯ ಮೀಟರ್ ಹಾಕು ಎನ್ನುತ್ತಿದ್ದ, ಅಷ್ಟೇ. ಹಾಕುವುದು ಅರ್ಧ ದಿನದ ಕೆಲಸ.

ಟೀ ತಂದು ಅವನೆದುರು ಕೂತಳು, ಬೆಳಕು ಮುಖದ ಮೇಲೆ ಬೀಳುವ ಹಾಗೆ.

"ಮೀಟರ್ ಸರಿಯಿದೆ ಅಂತ ನಾನು ಬರ್ಕೊಡ್ತೀನಿ," ಎಂದಳು, ಒಂದೊಂದೇ ಮಾತು ಬಿಡಿಸಿ. "ಕೇಳಿಸದವರೂ ಗ್ಲೈಡರ್ ಹಾರಿಸ್ತಾರೆ, ಹಾರಿಸಬಾರದು ಅಂತೇನಿಲ್ಲ. ಆದ್ರೆ ಜೊತೆಗೆ ಹಾರೋರಿಗೆ ಗೊತ್ತಿರಬೇಕು. ಮುಚ್ಚಿಟ್ಕೊಂಡು ಹಾರೋಕೆ ನಾನು ಹಾಕ್ಕೊಡಲ್ಲ ಅಣ್ಣ."

"ಗೊತ್ತಾದ್ರೆ ಬಿಡ್ತಾರಾ?"

"ಅದು ನನಗೆ ಗೊತ್ತಿಲ್ಲ."

ಅವನು ಟೀಯನ್ನು ಅರ್ಧಕ್ಕೇ ಬಿಟ್ಟ. ಮೇಷ್ಟ್ರ ಸುದ್ದಿ ಮಗಳ ಬಾಯಿಂದ ಕೇಳಿದ್ದನ್ನು ಆಗ ಅವಳು ಹೇಳಿದಳು. ಚುಚ್ಚಬೇಕೆಂದಲ್ಲ, ಹೇಳದೆ ಕಳಿಸಲು ಆಗಲಿಲ್ಲ. ಅಣ್ಣ ಅವಳ ತುಟಿಯನ್ನೇ ನೋಡುತ್ತಿದ್ದ. ಮುಗಿದ ಮೇಲೂ ನೋಡುತ್ತಿದ್ದ. ಇನ್ನೊಂದು ಸಲ ಹೇಳು ಎಂದ. ಅವಳು ಇನ್ನೊಂದು ಸಲ ಹೇಳಿದಳು. ಅವನು ಎದ್ದು ಮೆಟ್ಟಿಲಿಳಿದು ಹೋದ. ಎರಡೆರಡಾಗಿ ಅಲ್ಲ, ಒಂದೊಂದಾಗಿ.

ಮುಂದಿನ ಒಂದು ವಾರ ಅವನಿಂದ ಸುದ್ದಿಯಿರಲಿಲ್ಲ. ಮುಳ್ಳಕ್ಕ ಬೇರೆ ಕೆಲಸ ಹಿಡಿದಳು, ಮಾಡಿದ್ದನ್ನೇ ಎರಡು ಸಲ ಮಾಡಿದಳು. ಬೇರೆ ಗ್ಲೈಡರಿನ ವೇಗದ ಮೀಟರೊಂದರ ಗಾಜು ಕೂರಿಸುವಾಗ ಒಡೆದುಹೋಯಿತು. ಅವಳ ಕೈಯಲ್ಲಿ ಹಾಗೆ ಒಡೆಯದೆ ಹನ್ನೆರಡು ವರ್ಷವಾಗಿತ್ತು. ಬುಧವಾರ ಅತ್ತಿಗೆಗೆ ಫೋನ್ ಮಾಡಿದಳು. ಎಲ್ಲ ಚೆನ್ನಾಗಿದ್ದಾರೆ, ಊಟ ಮಾಡುತ್ತಾರೆ, ವಾಕಿಂಗಿಗೆ ಹೋಗುತ್ತಾರೆ ಎಂದಳು ಅತ್ತಿಗೆ. ಆಮೇಲೆ, ನೀನು ಹೇಳಿದ್ದು ಒಳ್ಳೇದಾಯ್ತು, ನನ್ನಿಂದ ಆಗಿರಲಿಲ್ಲ ಎಂದು ಸೇರಿಸಿದಳು.

ಶನಿವಾರ ಅಪ್ಪ ಮಗಳು ಒಟ್ಟಿಗೆ ಬಂದರು. ಮಗಳಿಗೆ ಇನ್ನೂ ಏನೂ ತಿಳಿದಿಲ್ಲವೆಂಬುದು ಅವಳು ಬಂದ ರೀತಿಯಲ್ಲೇ ಗೊತ್ತಾಯಿತು. ವಾದಕ್ಕೆ ತಯಾರಾಗಿ ಬಂದಿದ್ದಳು. ಯಾವ ಮೀಟರ್ ಎಷ್ಟು ಬೇಗ ಹೇಳುತ್ತದೆ ಎಂದೆಲ್ಲ ಫೋನಿನಲ್ಲಿ ಬರೆದುಕೊಂಡಿದ್ದಳು. ಅಣ್ಣ ಕಿಟಕಿಯ ಹತ್ತಿರ ಹೋಗದೆ ಮೇಜಿನ ಈಚೆ ಬದಿಗೆ ಬಂದು ನಿಂತ.

"ಪುಟ್ಟಿ, ಹೊಸದನ್ನ ಓಡಿಸು," ಎಂದ.

ಅವಳು ಓಡಿಸಿದಳು. ಸಣ್ಣ ದನಿ ಏರತೊಡಗಿತು. ಅಣ್ಣ ಮೀಟರಿನ ಬೆನ್ನಿನ ಮೇಲೆ ಎರಡು ಬೆರಳಿಟ್ಟು ಮಗಳ ಕಡೆ ತಿರುಗಿದ.

"ಈಗ ಕೂಗ್ತಾ ಇದೆಯಾ?"

"ಇದೇನಪ್ಪ, ಇಷ್ಟು ಜೋರಾಗಿ," ಎಂದಳು ಮಗಳು ನಗುತ್ತ.

"ನನಗೆ ಕೇಳ್ತಾ ಇಲ್ಲ ಮರಿ. ಬೆರಳಿಗೆ ಒಂಚೂರು ಜುಮ್ಮನ್ನುತ್ತೆ. ಅಷ್ಟೇ."

ನಗು ಅವಳ ಮುಖದಿಂದ ಹೋಗಲು ಸ್ವಲ್ಪ ಸಮಯ ಹಿಡಿಯಿತು. ಮುಳ್ಳಕ್ಕ ಸಿರಿಂಜ್ ಬಿಟ್ಟಳು. ದನಿ ನಿಂತಿತು. ಅಣ್ಣ ಎಲ್ಲವನ್ನೂ ಹೇಳಿದ, ತಂಗಿಗೆ ಹೇಳಿದ್ದಕ್ಕಿಂತ ಚುಟುಕಾಗಿ. ಮಗಳು ನಡುವೆ ಒಂದೇ ಪ್ರಶ್ನೆ ಕೇಳಿದಳು, ಅಮ್ಮನಿಗೆ ಗೊತ್ತಿತ್ತಾ ಎಂದು. ಗೊತ್ತಿತ್ತು ಎಂದಾಗ ಅವಳು ಗೋಡೆಯ ಕಡೆ ತಿರುಗಿ ಅಲ್ಲಿ ತೂಗುಹಾಕಿದ್ದ ಇಕ್ಕಳಗಳ ಸಾಲನ್ನು ನೋಡುತ್ತ ನಿಂತಳು. ದಿನವೂ ಜನರ ಒಳಗಿನ ಮೂಳೆಯ ಚಿತ್ರ ತೆಗೆಯುವವಳು. ತನ್ನ ಮನೆಯಲ್ಲಿ ಇಷ್ಟು ವರ್ಷ ಇದ್ದದ್ದು ಕಂಡಿರಲಿಲ್ಲ.

"ಮೇಷ್ಟ್ರ ಮನೆಗೆ ಹೋಗಿದ್ದೆ," ಎಂದ ಅಣ್ಣ, ಇಬ್ಬರಿಗೂ.

ಭಾನುವಾರ ಸಂಜೆ ಹೋಗಿದ್ದನಂತೆ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತಿದ್ದರಂತೆ. ಬಿಡಿ ಮಾರಾಯರೇ, ಆಕಾಶದಲ್ಲಿ ಇಂಥದೆಲ್ಲ ಆಗುತ್ತೆ ಎಂದು ಕುರ್ಚಿ ಕೊಟ್ಟರಂತೆ. ಎಷ್ಟು ಹತ್ತಿರ ಬಂದಿದ್ದೆ ಎಂದು ಇವನು ಪಟ್ಟು ಹಿಡಿದು ಕೇಳಿದಾಗ ಪೆನ್ನು ಕೆಳಗಿಟ್ಟು ಹೇಳಿದರಂತೆ: ನಿಮ್ಮ ಟೋಪಿಯ ನೆತ್ತಿಯ ಮೇಲಿನ ಗುಂಡಿ ಕಾಣಿಸಿತು. ಮುಖ ಕಾಣಿಸಲಿಲ್ಲ, ನೀವು ತಲೆ ಬಗ್ಗಿಸಿದ್ದಿರಿ.

"ಅವರ ಗ್ಲೈಡರ್ ಅಲ್ಲಿತ್ತು ಅನ್ನೋದೇ ನನಗೆ ಗೊತ್ತಿಲ್ಲ," ಎಂದ ಅಣ್ಣ. "ನೋಡಿ ತಪ್ಪಿಸಿದ್ದಲ್ಲ, ನೋಡಿ ಹೆದರಿದ್ದಲ್ಲ. ಗೊತ್ತೇ ಇಲ್ಲ. ಮುಳ್ಳು ಯಾಕೆ ಏಳ್ತಿಲ್ಲ ಅಂತ ಅದರ ಮುಖ ನೋಡ್ತಾ ಕೂತಿದ್ದೆ. ಆಚೆ ಕಡೆ ಒಬ್ಬ ಮನುಷ್ಯ ಸಾಯೋದನ್ನ ತಪ್ಪಿಸಿಕೊಂಡು ಹೋದ, ನಾನು ಮುಳ್ಳು ನೋಡ್ತಾ ಇದ್ದೆ."

ಮಗಳು ತಿರುಗಿದಳು. ಕಣ್ಣು ಒರೆಸಿಕೊಂಡಿರಲಿಲ್ಲ. ಫೋನಿನಲ್ಲಿ ಬರೆದುಕೊಂಡದ್ದೆಲ್ಲ ಬೇಡವಾಗಿತ್ತು.

"ಹಳೇದೇ ಹಾಕೋಣ ಅತ್ತೆ," ಎಂದಳು. "ಎರಡು ಮುಳ್ಳಿದ್ರೆ ಅಪ್ಪ ಹಾರಬಹುದು. ಒಬ್ಬರೇ ಇರೋ ಕಡೆ ಹಾರಲಿ, ದೂರ ಹೋಗೋದು ಬೇಡ. ಎಲ್ಲರಿಗೂ ಹೇಳೋಣ. ನನಗೆ ಮುಳ್ಳು ನೋಡಿ ಹಾರೋದು ಅಭ್ಯಾಸ ಆಗುತ್ತೆ."

"ಆಗಬಾರದು," ಎಂದ ಅಣ್ಣ. "ಅದೇ ಆಗಬಾರದು."

ಹೋದ ವಾರದ ತನಕ ಹಳೆಯದಕ್ಕೆ ಅಂಟಿಕೊಂಡಿದ್ದವನು ಹೊಸದು ಎನ್ನುತ್ತಿದ್ದ, ಹೊಸದಕ್ಕೆ ಹೋರಾಡುತ್ತಿದ್ದವಳು ಹಳೆಯದು ಎನ್ನುತ್ತಿದ್ದಳು. ತೂತು ಒಂದೇ. ಮುಳ್ಳಕ್ಕನ ಮುಂದೆ ಎರಡೂ ಮೀಟರ್ ಇದ್ದವು. ಇಬ್ಬರೂ ಅವಳ ಕಡೆ ನೋಡಿದರು. ಅಣ್ಣ ಏನು ಕೇಳುತ್ತಿದ್ದಾನೆ ಎಂಬುದು ಮಗಳಿಗಿಂತ ಅವಳಿಗೆ ಚೆನ್ನಾಗಿ ತಿಳಿದಿತ್ತು. ತನ್ನ ಕೈಯಿಂದ ಆಗದ್ದನ್ನು ಅವಳ ಕೈಯಿಂದ ಮಾಡಿಸಲು ಬಂದಿದ್ದ.

"ಒಬ್ಬನೇ ಹಾರೋದು ಸಾಕು," ಎಂದ, ಮಗಳಿಗಲ್ಲ, ತಂಗಿಗೆ. "ಕ್ಲಬ್ಬಿನ ಎರಡು ಸೀಟಿನದರಲ್ಲಿ ಯಾರಾದ್ರೂ ಹಿಂದೆ ಕೂರಿಸಿಕೊಂಡ್ರೆ ಹೋಗ್ತೀನಿ. ಇದು ಅವಳದ್ದು. ಮೊದಲನೆಯದರ ಮುಳ್ಳು ಇನ್ನೊಂದು ಸಲ ನಿಲ್ಲುತ್ತೆ, ನಿಲ್ಲದೆ ಇರಲ್ಲ. ಆಗ ಇವಳ ಕಣ್ಣು ಹೊರಗಿರಬೇಕು. ಹಾಡೋದನ್ನೇ ಹಾಕು ಪುಟ್ಟಿ."

ಮುಳ್ಳಕ್ಕ ಹಳೆಯ ಮೀಟರನ್ನು ಎತ್ತಿ ಹತ್ತಿಯ ಡಬ್ಬದೊಳಗಿಟ್ಟು ಮುಚ್ಚಳ ಹಾಕಿದಳು. ಫ್ಲಾಸ್ಕನ್ನು ಕೊಳವೆಯಿಂದ ಬಿಡಿಸಿ ಕಪಾಟಿಗೆ ಸೇರಿಸಿದಳು. ಆಮೇಲೆ ಪ್ಯಾನೆಲ್ಲಿನ ತೂತಿನ ಅಳತೆ ಬರೆದಿಟ್ಟ ಚೀಟಿ ಹುಡುಕತೊಡಗಿದಳು. ಅದು ಕಣ್ಣೆದುರಿಗೇ ಇದ್ದರೂ ಸಿಗಲು ಸುಮಾರು ಹೊತ್ತಾಯಿತು.

ಅಣ್ಣ ಕ್ಲಬ್ಬಿನವರಿಗೆ ತಾನೇ ಹೋಗಿ ಹೇಳಿದ. ಅವರು ಅವನನ್ನು ಬೈಯಲೂ ಇಲ್ಲ, ತಡೆಯಲೂ ಇಲ್ಲ. ಡಾಕ್ಟರ ಚೀಟಿ ತನ್ನಿ, ಎಲ್ಲಿ ಯಾವಾಗ ಹಾರಬಹುದು ಎಂದು ಕೂತು ನೋಡೋಣ ಎಂದರಂತೆ. ಚೀಟಿ ತರಲು ಅವನು ಹೋಗಲಿಲ್ಲ. ಆ ಸುದ್ದಿ ಹೇಳಿದ ಮಗಳು ಅತ್ತೆಯ ಹತ್ತಿರ ಸ್ವಲ್ಪ ಅತ್ತಳು. ನಾನು ಒತ್ತಾಯ ಮಾಡಲೇ ಎಂದು ಕೇಳಿದಳು. ಬೇಡ ಎಂದಳು ಮುಳ್ಳಕ್ಕ. ಬೇಡ ಎಂದದ್ದು ಸರಿಯೋ ಎಂದು ಆ ರಾತ್ರಿಯೂ ಆಮೇಲಿನ ಕೆಲವು ರಾತ್ರಿಗಳೂ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಯಂತ್ರವಾದರೆ ಸಿರಿಂಜ್ ಎಳೆದು ನೋಡಬಹುದಿತ್ತು.

ಮೀಟರ್ ಕೂರಿಸಿದ ಮೊದಲ ಹಾರಾಟಕ್ಕೆ ಅವಳು ಮೈದಾನಕ್ಕೆ ಹೋದಳು. ತಾನು ಸಹಿ ಹಾಕಿದ್ದು ಮೇಲೆ ಹೋಗುವಾಗ ಕೆಳಗೆ ನಿಂತಿರುವುದು ಅವಳ ನಿಯಮ. ಗಾಳಿ ತೆಳುವಾಗಿತ್ತು, ಬಿಸಿಲು ಏರುತ್ತಿತ್ತು. ಮಗಳು ಒಳಗೆ ಕೂತು ಬೆಲ್ಟು ಬಿಗಿದುಕೊಂಡಿದ್ದಳು. ಮುಳ್ಳಕ್ಕ ಬಗ್ಗಿ ಕೊಳವೆಗಳನ್ನು ಇನ್ನೊಂದು ಸಲ ಮುಟ್ಟಿ ನೋಡಿ, ಹೊಸ ಮೀಟರಿನ ಗುಂಡಿಯನ್ನು ಕಾಲು ಸುತ್ತಿಗೆ ಇಟ್ಟಳು. ಗಾಜಿನ ಮುಚ್ಚಳ ಮುಚ್ಚಿತು. ಮುಂದೆ, ಗ್ಲೈಡರಿಗೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ಯುವ ವಿಮಾನದ ಇಂಜಿನ್ ಎದ್ದಿತು.

ಒಂದೇ ಚಕ್ರದ ಮೇಲೆ ನಿಲ್ಲುವ ಗ್ಲೈಡರ್ ಪಕ್ಕಕ್ಕೆ ವಾಲಿಕೊಂಡಿತ್ತು. ನೆಲಕ್ಕೆ ತಾಗಿದ ರೆಕ್ಕೆಯ ತುದಿಯನ್ನು ಒಬ್ಬರು ಎತ್ತಿ ಹಿಡಿದು, ವೇಗ ಬರುವ ತನಕ ಜೊತೆಗೆ ಓಡಬೇಕು. ಅಣ್ಣ ಹೋಗಿ ಎತ್ತಿದ. ಅಂಗೈ ಮೇಲೆ ಅದನ್ನು ಮಟ್ಟವಾಗಿ ಇಟ್ಟುಕೊಂಡು ಹಗ್ಗದ ಮೇಲೆ ಕಣ್ಣಿಟ್ಟು ನಿಂತ. ಹುಲ್ಲಿನಲ್ಲಿ ಸಡಿಲವಾಗಿ ಬಿದ್ದಿದ್ದ ಹಗ್ಗ ಮೆಲ್ಲನೆ ನೆಟ್ಟಗಾಯಿತು, ಬಿಗಿಯಿತು, ನಡುಗಿತು. ಅವನು ನಡೆದ, ಬಿರುಸಾಗಿ ನಡೆದ, ಓಡಿದ. ರೆಕ್ಕೆ ಅವನ ಕೈಯಿಂದ ತಾನೇ ಎದ್ದು ಮುಂದೆ ಹೋಯಿತು. ಕೈ ಖಾಲಿಯಾದ ಮೇಲೂ ಅವನು ನಾಲ್ಕು ಹೆಜ್ಜೆ ಓಡಿದ.

ಆಮೇಲೆ ಮೊಣಕಾಲ ಮೇಲೆ ಕೈಯೂರಿ ಉಸಿರು ಹಿಡಿದುಕೊಂಡ. ಗ್ಲೈಡರ್ ಮೈದಾನದ ಕೊನೆಯ ಬೇಲಿ ದಾಟಿ ಮೇಲಕ್ಕೆ ಹೋಗುತ್ತಿತ್ತು. ಅದು ಚಿಕ್ಕದಾಗುವ ತನಕ ನೋಡಿದ. ತಿರುಗಿ, ಬೆವರು ಒರೆಸಿಕೊಳ್ಳುತ್ತ, ಸಾಲಿನಲ್ಲಿ ಕಾಯುತ್ತಿದ್ದ ಮುಂದಿನ ಗ್ಲೈಡರಿನ ಕಡೆ ನಡೆದು ಬಂದ. ಅದು ಮೇಷ್ಟ್ರದ್ದು. ಅವರು ಒಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಅಣ್ಣ ಬಗ್ಗಿ, ಹುಲ್ಲಿನ ಮೇಲೆ ಒರಗಿದ್ದ ಅದರ ರೆಕ್ಕೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದ.